ಮಾವ ಸಕ್ಕರೆ ಬಳಿಯಬೇಕಿದ್ದ ಬಿಸ್ಕತ್ತು

ನನ್ನ ಅತ್ತೆ ಬೆನೆದೆತ್ತಾ ಸಿಸಿಲಿಯ ತೆರ್ರಾಸೀನಿಯಿಂದ ಮದುವೆಯಾಗಿ ಅಮೆರಿಕದ ಗ್ಲಾಸ್ಟರಿನ ಈ ಬಂದರಿಗೆ ಬಂದಾಗ ತಂದದ್ದು ಒಂದು ಪೆಟ್ಟಿಗೆ, ಒಂದು ಅಂಜೂರ ಅರೆಯುವ ಕೈಯಂತ್ರ. ಪೆಟ್ಟಿಗೆ ಎಂದೋ ಮುರಿದುಹೋಯಿತು. ಯಂತ್ರ ಮಾತ್ರ ಪ್ರತಿ ಡಿಸೆಂಬರಿನಲ್ಲೂ ಅಡುಗೆಮನೆಯ ಮೇಜಿನ ಅಂಚನ್ನು ಕಚ್ಚಿಕೊಂಡು ಕೂರುತ್ತದೆ. ಅಂಜೂರ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಬಾದಾಮಿ ಎಲ್ಲವೂ ಅದರ ಬಾಯಿಗೆ ಹೋಗಿ ಕಪ್ಪು ಹೂರಣವಾಗಿ ಹೊರಬರುತ್ತವೆ. ಅದನ್ನು ಹಿಟ್ಟಿನಲ್ಲಿ ಸುತ್ತಿ, ಕತ್ತರಿಸಿ, ಓವನ್ನಿನಲ್ಲಿ ಬೇಯಿಸಿದರೆ ನಮ್ಮ ಕ್ರಿಸ್‌ಮಸ್ಸಿನ ಕುಚ್ಚಿದಾತಿ ಬಿಸ್ಕತ್ತು.

ಅತ್ತೆ ಬಾಯಿ ಜೋರು. ಬಾಸ್ಟನ್ನಿನಲ್ಲಿ ಓದಿ ಬೆಳೆದ ನಾನು ಅಳತೆಯ ಲೋಟ ಹುಡುಕಿದರೆ, "ಮಗೂನೂ ಅಳತೆ ನೋಡ್ಕೊಂಡೇ ಹೆತ್ಯೇನೇ?" ಎನ್ನುತ್ತಿದ್ದರು. ಆದರೆ ಬಿಸ್ಕತ್ತಿನ ಕೊನೆಯ ಕೆಲಸ ಅವರದಲ್ಲ, ಮಾವನದು. ಮೇಲೆ ಬಿಳಿ ಸಕ್ಕರೆ ಬಳಿದು ಬಣ್ಣದ ಕಾಳು ಉದುರಿಸುವುದು. ಬಲೆ ಎಳೆದು ಒರಟಾದ ಬೆರಳುಗಳಲ್ಲಿ ಪುಟ್ಟ ಕುಂಚ ಹಿಡಿದು, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅವರು ಕೂತರೆ ಅತ್ತೆ ಕೆಣಕದೆ ಬಿಡುತ್ತಿರಲಿಲ್ಲ.

"ದೋಣಿಗೆ ಬಣ್ಣ ಹೊಡೆಯೋವಾಗ ಇಷ್ಟು ನಿಗಾ ಇರಲ್ಲ ನಿಮಗೆ."

"ದೋಣೀನ ಯಾರೂ ತಿನ್ನಲ್ವಲ್ಲೇ, ಬೆತ್ತಾ."

ಈ ನವೆಂಬರಿನಲ್ಲಿ ಮಾವ ಗೈತಾನೋ ಮೀನಿಗೆ ಹೋದ ದೋಣಿ ಹಿಂದಿರುಗಲಿಲ್ಲ. ಸಿಕ್ಕಿದ್ದು ಒಂದು ಹಲಗೆ. ಹುಡುಕಾಟ ನಿಂತಿತು. ನನ್ನ ಗಂಡ ನೀನೋ, "ಅಪ್ಪನ ಆತ್ಮಶಾಂತಿಗೆ ಚರ್ಚಲ್ಲಿ ಪೂಜೆ ಮಾಡಿಸೋಣಮ್ಮಾ" ಎಂದಾಗ ಅತ್ತೆ ಕೈಯಂತ್ರ ಹೊರತೆಗೆದರು.

ಸಾವಾದ ಮನೆಯಲ್ಲಿ ಆ ವರ್ಷ ನಾವು ಸಿಹಿ ಮಾಡುವುದಿಲ್ಲ. ನೆರೆಯವರೇ ತಟ್ಟೆ ತುಂಬಿ ತಂದುಕೊಡುತ್ತಾರೆ. ತಟ್ಟೆ ಒಳಗೆ ಬಂತೆಂದರೆ ಸಾವನ್ನು ಒಪ್ಪಿಕೊಂಡಂತೆ. ಹಾಗಿರುವಾಗ ನಮ್ಮ ಓವನ್ನಿನ ದಾಲ್ಚಿನ್ನಿಯ ಘಮ ಬೀದಿಗೆಲ್ಲ ಹರಡಿತು. ಜನ ಏನೆಂದಾರು? ಅತ್ತೆಗೆ ತಲೆ ಕೆಟ್ಟಿತೇ? ನನ್ನ ಪುಟ್ಟ ಮಗಳನ್ನು ಅವರ ಹತ್ತಿರ ಒಂಟಿಯಾಗಿ ಬಿಡುವುದಕ್ಕೂ ಹೆದರಿದೆ.

ಮರುದಿನವೇ ಪಕ್ಕದ ಮನೆಯ ಪಿಪ್ಪೀನಾ, ಬಿಳಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಏನೇ, ನಿಮ್ಮನೇಲಿ ತಿನ್ನೋರಿಲ್ವಾ?"

"ಯಾಕೆ ತಂದಿದೀನಿ ಅಂತ ನಿನಗೇ ಗೊತ್ತು, ಬೆತ್ತಾ."

"ಯಾರು ಸತ್ತಿದಾರೆ ನನ್ನ ಮನೇಲಿ? ನಿನ್ನ ಬಿಸ್ಕತ್ತು ಕಲ್ಲು. ನಮ್ಮ ಯಜಮಾನ್ರ ಹಲ್ಲು ಮೊದಲೇ ಸರಿಯಿಲ್ಲ. ತಗೊಂಡ್ಹೋಗು."

ಪಿಪ್ಪೀನಾ ಸಿಟ್ಟಾಗಲಿಲ್ಲ. "ನನ್ನ ಹತ್ರಾನೇ ಇರತ್ತೆ. ಬೇಕಾದಾಗ ಹೇಳ್ಕಳಿಸು" ಎಂದು ಮೆಟ್ಟಿಲಿಳಿದರು.

ಬೆಂದ ಬಿಸ್ಕತ್ತುಗಳು ಬಟ್ಟೆಯ ಕೆಳಗೆ ಬೋಳಾಗಿ ಬಿದ್ದಿದ್ದವು. "ಸಕ್ಕರೆ ನಾನು ಬಳೀಲಾ, ಅತ್ತೆ?" ಎಂದೆ.

"ಮುಟ್ಟಬೇಡ. ಅದು ಅವರ ಕೆಲಸ."

ಆಮೇಲೆ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಬಂದರಿನಲ್ಲಿ ಎಂಜಿನ್ ಸದ್ದಾದರೆ ಕಿಟಕಿಗೆ ಓಡುವರು. ನನಗೋ ಇನ್ನೊಂದು ದಿಗಿಲು. ಹಬ್ಬ ಮುಗಿದ ಮೇಲೆ ನೀನೋ ಮತ್ತೆ ಕಡಲಿಗೆ ಹೋಗಬೇಕು. "ಬೇರೆ ಕೆಲಸ ನೋಡ್ಕೊಳ್ಳಿ" ಎಂದರೆ ಅವರು ಮಗಳ ಕೂದಲು ನೇವರಿಸುತ್ತಿದ್ದರು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಅತ್ತೆ ಮಾವನ ಬಟ್ಟಲಿನಲ್ಲಿ ಪುಡಿಸಕ್ಕರೆಗೆ ಹಾಲು ಬೆರೆಸಿದರು. ಅವರ ಕುಂಚವನ್ನು ಅದರಲ್ಲಿಟ್ಟು, ಅವರ ಕುರ್ಚಿಯನ್ನು ಮೇಜಿನಿಂದ ಸ್ವಲ್ಪ ಹಿಂದಕ್ಕೆಳೆದು ಇಟ್ಟು, ಎದುರಿಗೆ ಕೂತರು. ನಾನು ಮಗಳಿಗೆ ತಿನ್ನಿಸಿದೆ, ನೆಲ ಗುಡಿಸಿದೆ, ಬಟ್ಟೆ ಮಡಚಿದೆ. ಅತ್ತೆ ಅಲ್ಲಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗಳು ಅವರ ತೊಡೆಯೇರಿ ಕುಂಚಕ್ಕೆ ಕೈಹಾಕಿ ಎಳೆದಳು. ಸಕ್ಕರೆ ಗಟ್ಟಿಯಾಗಿಹೋಗಿತ್ತು. ಕುಂಚದ ಜೊತೆಗೇ ಬಟ್ಟಲೂ ಮೇಲೆದ್ದಿತು.

ಅತ್ತೆ ಅದನ್ನೇ ನೋಡಿದರು. ಮಗಳ ಬೆರಳು ಬಿಡಿಸಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

"ಹೋಗು, ಪಿಪ್ಪೀನಾ ಹತ್ರ ಆ ತಟ್ಟೆ ಇಸ್ಕೊಂಡು ಬಾ" ಎಂದರು ನನಗೆ. "ಪೂಜೆಗೆ ಹೇಳು ಅಂತ ನೀನೋಗೆ ತಿಳಿಸು."

ಕೋಟು ಕೂಡ ಹಾಕಿಕೊಳ್ಳದೆ ಓಡಿದೆ. ಪಿಪ್ಪೀನಾ ತಟ್ಟೆ ಕೊಟ್ಟರು. ವಾಪಸು ಬರುವಾಗ ನಮ್ಮ ಮೆಟ್ಟಿಲಿನಿಂದ ದೋಣಿಗಳು ನಿಲ್ಲುವ ಬಂದರು ಕಾಣಿಸಿತು. ನೀನೋನ ದೋಣಿ ಅಲ್ಲೇ ಇತ್ತು. ಅದನ್ನು ದಡಕ್ಕೆ ಕಟ್ಟಿದ ಹಗ್ಗ ಕಣ್ಣಿಗೆ ಬೀಳುವವರೆಗೂ ಚಳಿಯಲ್ಲೇ ನಿಂತಿದ್ದೆ. ಆಮೇಲೆ ತಟ್ಟೆಯನ್ನು ಒಳಗೆ ಒಯ್ದೆ.