ಕುಳಿತವರಿಗೆ ಒಪ್ಪುವ ಸೀರೆ

ಆತ್ಯಾ ಯಾರ ಹತ್ತಿರವೂ ಬಾಯಿ ಬಿಟ್ಟು ಏನನ್ನೂ ಕೇಳಿದವರಲ್ಲ. ಆತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮ ಮನೆಯ ಮಾತು ಕನ್ನಡವಾದರೂ ಸಂಬಂಧಗಳನ್ನು ಮರಾಠಿಯಲ್ಲಿ ಕರೆದೇ ರೂಢಿ. ಮಿರಜಿನ ಕಾಳುಕಡಿ ವ್ಯಾಪಾರದ ಮನೆಗೆ ಸೊಸೆಯಾಗಿ ಹೋದವರು, ಗಂಡ ತೀರಿಕೊಂಡ ಮೇಲೂ ಅದೇ ಮನೆಯ ಪಡಸಾಲೆಯಲ್ಲಿ ಕುಳಿತು ಮಗ ಸೊಸೆಯರನ್ನು ಕಣ್ಣಲ್ಲೇ ಆಳುತ್ತಿದ್ದರು. ಅಂಥವರು ಒಂದು ಬೆಳಿಗ್ಗೆ ಫೋನ್ ಮಾಡಿ, "ಯವ್ವಾ, ನನಗೊಂದು ತವರಿನ ಸೀರಿ ಬೇಕು. ನಾನ ಬಂದು ಆರಿಸ್ತೇನಿ," ಎಂದಾಗ ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು.

ಸಿಟ್ಟಿಗೆ ಕಾರಣವಿತ್ತು. ನನ್ನ ಅಪ್ಪ ಮಾಧವನಗರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಗಿರಣಿ ಬಿಟ್ಟ ಮೇಲೂ ಬಟ್ಟೆಯನ್ನು ಎರಡು ಬೆರಳ ನಡುವೆ ಹೊಸಕಿ ನೋಡದೆ ಯಾವ ಅಂಗಡಿಯಿಂದಲೂ ಹೊರಬೀಳುತ್ತಿರಲಿಲ್ಲ. ಪ್ರತಿ ನಾಗರ ಪಂಚಮಿಗೆ ಅಕ್ಕನಿಗೊಂದು ಸೀರೆ ಕಂಕುಳಲ್ಲಿ ಇಟ್ಟುಕೊಂಡು ಮಿರಜಿಗೆ ಹೋಗಿ ಬರುವರು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನನಗೆ ಅಣ್ಣತಮ್ಮಂದಿರಿಲ್ಲ, ಆತ್ಯಾಗೆ ತವರೆಂದು ಉಳಿದವಳು ನಾನೊಬ್ಬಳೇ. ನಾನೇನು ಕೈಗೆ ಸಿಕ್ಕಿದ್ದನ್ನು ಒಯ್ದು ಕೊಟ್ಟವಳಲ್ಲ. ಸಾಂಗ್ಲಿಯ ಹಳೆಯ ಬಂಗಲೆಗಳ ಮುಂದಿನ ಕೋಣೆಗಳಲ್ಲಿ ಈಗ ಸಣ್ಣ ಸಣ್ಣ ಬುಟೀಕ್‌ಗಳಿವೆಯಲ್ಲ, ಅವನ್ನೆಲ್ಲ ಸುತ್ತಿ, ಲಿನನ್ನೋ ಕೈಮಗ್ಗದ ಹತ್ತಿಯದೋ, ಬೂದಿ ಬಣ್ಣ, ಬಿಸ್ಕಿಟ್ ಬಣ್ಣ, ಕಣ್ಣಿಗೆ ಹೊಡೆಯದಂಥವನ್ನು ಹುಡುಕಿ ತರುತ್ತಿದ್ದೆ. ನನ್ನ ಅಭಿರುಚಿಯ ಬಗ್ಗೆ ನನಗೆ ಜಂಬವಿತ್ತು, ಈಗಲೂ ಇದೆ. ಆತ್ಯಾ ಅವನ್ನು ತೊಡೆಯ ಮೇಲಿಟ್ಟು ಸವರಿ, "ಚಲೋ ಅದಾವ" ಎಂದು ಟ್ರಂಕಿಗೆ ಸೇರಿಸುವರು. ಒಂದನ್ನೂ ಉಟ್ಟದ್ದನ್ನು ನಾನು ಕಾಣೆ.

"ನಾ ಕೊಟ್ಟದ್ದು ಸೇರಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟೆ.

"ಮೆತ್ತಗ ಅದಾವ. ಬಣ್ಣ ಮಾತ್ರ ಜ್ವರ ಬಂದವರ ಮಾರಿ ಇದ್ದಂಗ ಅದಾವ. ನೀ ಕೊಳ್ಳೂ ಅಂಗಡಿಗೇ ಕರಕೊಂಡು ಹೋಗು."

ಮಿರಜಿನಿಂದ ಸಾಂಗ್ಲಿಗೆ ಸಿಟಿ ಬಸ್ಸಿನಲ್ಲಿ ಒಬ್ಬರೇ ಬಂದಿಳಿದರು. ಆ ವರ್ಷ ಎದೆಯ ತೊಂದರೆ ಶುರುವಾಗಿತ್ತು. ಮಿರಜಿನಲ್ಲಿ ಡಾಕ್ಟರುಗಳಿಗೇನು ಬರವಿಲ್ಲ, ಬೇರೆ ಊರಿನವರೇ ಅಲ್ಲಿಗೆ ಬರುತ್ತಾರೆ. ಆದರೆ ಈ ವಯಸ್ಸಿಗೆ ಕೊಯ್ಯುವುದು ಬೇಡ, ಗುಳಿಗೆಯ ಮೇಲೇ ನಡೆಯಲಿ ಎಂದು ಡಾಕ್ಟರುಗಳೇ ಹೇಳಿದ್ದರು. ಆತ್ಯಾ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುವರು. ನಿಂತದ್ದು ಆಯಾಸಕ್ಕೆ ಎಂದು ತೋರಿಸಿಕೊಳ್ಳದೆ, ಎದುರಿನ ಅಂಗಡಿಯ ಬೋರ್ಡು ಓದುತ್ತಿರುವಂತೆ ಮುಖ ಮಾಡುವರು.

ಮೊದಲ ಅಂಗಡಿಯಿಂದ ಬಂದ ಕಾಲಲ್ಲೇ ಹೊರಬಿದ್ದರು. ಅಲ್ಲಿ ಗೋಡೆಗೆ ಕಟ್ಟಿಗೆಯ ಸೌಟುಗಳನ್ನು ಸಾಲಾಗಿ ಮೊಳೆ ಹೊಡೆದು, ಮೇಲಿಂದ ಒಂದು ಕಡಗೋಲು ಇಳಿಬಿಟ್ಟು ಅದಕ್ಕೆ ಬಲ್ಬು ಕಟ್ಟಿದ್ದರು. "ಇವರ ಮನ್ಯಾಗ ಮಜ್ಜಿಗಿ ಯಾವಾಗ ಮಾಡ್ತಾರ?" ಎಂದರು ಆತ್ಯಾ. ಅದಕ್ಕೂ ಹೆಚ್ಚಿನ ತಪ್ಪೆಂದರೆ, ಅಲ್ಲಿ ಗಿರಾಕಿಗೆ ಕುಳಿತುಕೊಳ್ಳಲು ಒಂದು ಜಮಖಾನೆಯೂ ಇರಲಿಲ್ಲ.

ಎರಡನೆಯದು ವಿಶ್ರಾಮಬಾಗದ ಒಂದು ಬಂಗಲೆಯಲ್ಲಿತ್ತು. ನಡೆಸುವಾಕೆ ನನ್ನ ವಾರಿಗೆಯ ಮರಾಠಿ ಹೆಣ್ಣುಮಗಳು. ಅಂಚಿನ ಬಗ್ಗೆ, ನೂಲಿನ ಬಗ್ಗೆ ಬಾಯಿತುಂಬ ಮಾತಾಡುವಾಕೆ. "ಬಸಾ ಕಾಕೂ, ಬಸಾ," ಎಂದು ಕುಳಿತುಕೊಳ್ಳಲು ಹೇಳಿ ಚಾಪೆ ಹಾಸಿದಳು. ಆತ್ಯಾ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಪಕ್ಕದಲ್ಲಿ ರಾಶಿ ಬಿದ್ದಿದ್ದ ಕುಶನ್ ಕವರುಗಳನ್ನು ನೋಡಿ ಅವರ ಹುಬ್ಬು ಮೇಲೇರಿತು. ಅವೆಲ್ಲ ಖಣದ್ದು, ಹಿಂದಿನ ಹೆಂಗಸರು ಕುಬುಸ ಹೊಲಿಸುತ್ತಿದ್ದ ಅದೇ ಬಟ್ಟೆ.

"ಎದಿ ಮ್ಯಾಲ ಹಾಕ್ಕೊಳ್ಳೂದನ್ನ ಈಗ ಕುಂಡಿ ಬುಡಕ ಹಾಕ್ಕೊಳ್ಳತಾರೇನ?" ಎಂದು ನನಗಷ್ಟೇ ಕೇಳುವಂತೆ ಕನ್ನಡದಲ್ಲಿ ಹೇಳಿದರು. ನಾನು ನಗು ತಡೆಯಲು ಕಿಟಕಿಯ ಕಡೆ ತಿರುಗಿದೆ.

ಅಂಗಡಿಯಾಕೆ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ತನ್ನ ಮೈಮೇಲೇ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ತೋರಿಸಿದಳು. ಸೆರಗು ಬೆನ್ನಿನ ಮೇಲೆ ಹೇಗೆ ಇಳಿಯುತ್ತದೆ, ನೆರಿಗೆ ಪಾದದ ಮೇಲೆ ಹೇಗೆ ಒಡೆಯುತ್ತದೆ ಎಂದು ವರ್ಣಿಸಿದಳು. ಆತ್ಯಾ ಎಲ್ಲಕ್ಕೂ ತಲೆಯಾಡಿಸಿ, ಕಡೆಗೆ ಮರಾಠಿಯಲ್ಲಿ ಒಂದು ಮಾತು ಹೇಳಿದರು: ನಿಂತವರಿಗೆ ಎಲ್ಲ ಸೀರೆಯೂ ಒಪ್ಪುತ್ತದೆ, ನೀನು ಕುಳಿತು ತೋರಿಸು.

ಆಕೆ ನಗುತ್ತ ಬೆತ್ತದ ಕುರ್ಚಿಯ ಮೇಲೆ ಕುಳಿತಳು. ಆತ್ಯಾ ಕೈ ಆಡಿಸಿದರು. ಕುರ್ಚಿ ಅಲ್ಲ, ನೆಲದ ಮೇಲೆ, ಕಾಲು ಮಡಚಿ.

ಪಾಪ, ಆಕೆ ಹಾಗೂ ಕುಳಿತಳು. ಪೂಜೆಗೋ, ಮದುವೆಯ ಹಸೆಗೋ ಇರಬೇಕೆಂದುಕೊಂಡು, "ಕೋಣಾಚಂ ಲಗ್ನ ಆಹೇ, ಕಾಕೂ?" ಎಂದು ಕೇಳಿದಳು. ಯಾರ ಮದುವೆಯೂ ಅಲ್ಲ, ನನ್ನದೇ ಒಂದು ಕಾರ್ಯಕ್ರಮವಿದೆ ಎಂದು ಆತ್ಯಾ ಮುಖದ ಗೆರೆ ಅಲುಗಿಸದೆ ಮರಾಠಿಯಲ್ಲಿ ಉತ್ತರಿಸಿದರು.

ಅದು ಯಾವ ಕಾರ್ಯಕ್ರಮವೆಂದು ಆಗ ನನಗೆ ಹೊಳೆಯಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ನೋಡಲು ಬಂದವರು ಬಾಗಿಲಲ್ಲಿ ನಿಂತು ಕೈಮುಗಿಯುತ್ತಾರೆ. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಮಣ್ಣು. ಅಪ್ಪನನ್ನೂ ಹಾಗೆಯೇ ಕೂಡಿಸಿದ್ದರು. ಹೆಣ್ಣುಮಗಳಾದರೆ ಆ ಕೊನೆಯ ಸೀರೆ ತವರಿನಿಂದ ಬರಬೇಕು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಜನವೇ ಆ ಒಂದು ದಿನ ತವರಿನವರ ದಾರಿ ಕಾಯುತ್ತದೆ.

"ನಾ ಕೊಡಿಸೂದಿಲ್ಲ," ಎಂದೆ ಕನ್ನಡದಲ್ಲಿ. ನನ್ನ ದನಿ ಏರಿತ್ತು. "ಏಳ್ರಿ ಆತ್ಯಾ, ಮನಿಗೆ ಹೋಗೂಣು."

"ಹಂಗಾರ ಯಾರು ತರ್ತಾರ? ನಿಮ್ಮಪ್ಪ ಎದ್ದು ಬರ್ತಾನೇನ?"

ಅಂಗಡಿಯಾಕೆ, ಬಣ್ಣದ ಬಗ್ಗೆ ಅತ್ತೆ ಸೊಸೆಯಂದಿರ ಜಗಳ ಎಂದುಕೊಂಡಳೋ ಏನೋ, ಚಹಾ ಹೇಳಿಬರುತ್ತೇನೆಂದು ಒಳಗೆ ಹೋದಳು. ಆತ್ಯಾ ಕುಳಿತಲ್ಲಿಂದಲೇ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

"ನಮ್ಮ ನೆಗೆಣ್ಣಿ ಹೋದ ದಿನ ನೀ ಇರಲಿಲ್ಲ," ಎಂದರು. ನೆಗೆಣ್ಣಿ ಎಂದರೆ ಅವರ ಗಂಡನ ಅಣ್ಣನ ಹೆಂಡತಿ. "ಅಕೀ ತವರಿನವರು ಬಸ್ ಸ್ಟ್ಯಾಂಡಿನ್ಯಾಗ ಇಳಿದವರ ಮೊದಲ ಕಂಡ ಅಂಗಡ್ಯಾಗ ಒಂದು ಸೀರಿ ಎಳಕೊಂಡು ಬಂದ್ರು. ಖಡಕ್ ಗಂಜಿ ಹಾಕಿದ್ದು. ಉಡಿಸಿದ್ರ ಬರಿಯೂ ಪಾಟಿ ಹಂಗ ಸೆಟದು ನಿಂತ್ತು. ಸೆರಗು ನಿಲ್ಲವಲ್ದು, ಪಿನ್ನು ಚುಚ್ಚಿದ್ವಿ. ಬಂಗಾರದಂಥಾ ಹೆಂಗಸು, ಕಟ್ಟಿಟ್ಟ ಗಂಟಿನಂಗ ಕಾಣತಿದ್ಲು. ಎದುರ ಮನಿ ಕಾಕು ಬಾಗಲದಾಗ ನಿಂತು, ತವರಿನವರಿಗೆ ಎಷ್ಟು ಅವಸರಿತ್ತು ನೋಡು ಅಂದ್ಲು. ಸಾಯೂದಕ್ಕ ನನಗ ಅಂಜಿಕಿಲ್ಲ ಯವ್ವಾ. ಆ ಮಾತಿಗೆ ಅಂಜಿಕಿ ಐತಿ."

ಅವರ ಕೈ ತಣ್ಣಗಿತ್ತು. ಕಾರಣ ತಿಳಿದ ಮೇಲೆ ಸಿಟ್ಟು ಇಳಿಯಬೇಕು, ನನ್ನದು ಇಳಿಯಲಿಲ್ಲ. ಅಪ್ಪನ ಮೂಗು, ಅಪ್ಪನ ಹಟ ಎರಡೂ ಇರುವ ಕೊನೆಯ ಮುಖ ಅದು. ಅದು ತಾನು ಹೋಗುವ ದಿನದ ಅಲಂಕಾರದ ಮಾತಾಡುತ್ತಿದ್ದರೆ ಹೂಂ ಎನ್ನುವುದು ಹೇಗೆ? ಆದರೆ ಇಲ್ಲ ಎಂದು ಎದ್ದು ಬಂದಿದ್ದರೆ ಅವರು ಬಸ್ಸು ಹತ್ತಿ ಸುಮ್ಮನೆ ಮಿರಜಿಗೆ ಹೋಗುತ್ತಿದ್ದರು, ಇನ್ನೊಮ್ಮೆ ಕೇಳುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಯಾವ ಬಣ್ಣ?" ಎಂದೆ.

"ಗಾಢಂದು ಇರಲಿ. ಇಭೂತಿ ಎದ್ದು ಕಾಣಬೇಕು."

ಚಹಾ ಬಂತು. ಆಮೇಲೆ ನಾನೇ ಕಪಾಟಿನ ಮುಂದೆ ನಿಂತು ಹುಡುಕಿದೆ. ಬೂದಿ ಬಣ್ಣ, ಬಿಸ್ಕಿಟ್ ಬಣ್ಣಗಳನ್ನು ಬದಿಗೆ ಸರಿಸಿ, ಕೆಳಗಿನ ಅರೆಯಿಂದ ನೇರಳೆ ಹಣ್ಣಿನ ಬಣ್ಣದ ಒಂದನ್ನು ಎಳೆದೆ. ರೇಷ್ಮೆ ಬೆರೆಸಿದ ಹತ್ತಿ, ಬೆರಳಗಲದ ಅಂಚು. ಎರಡು ಬೆರಳ ನಡುವೆ ಹೊಸಕಿದೆ. ಅದು ಮುದುಡಿ, ಮತ್ತೆ ಸುಮ್ಮನೆ ಇಳಿಯಿತು. ಆತ್ಯಾ ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ನೀ ಕುಂದ್ರು," ಎಂದರು. "ನಿನಗ ನನ್ನ ಮಾರಿ ಐತಿ."

ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕುಳಿತೆ. ಆತ್ಯಾ ಮೊಣಕಾಲು ಊರಿ ಸೀರೆಯನ್ನು ನನ್ನ ಸೊಂಟಕ್ಕೆ ಸುತ್ತಿ, ನೆರಿಗೆಯನ್ನು ಮಡಿಲಲ್ಲಿ ಹರಡಿ, ಸೆರಗನ್ನು ತಲೆಯ ಮೇಲಿಂದ ತಂದು ಎರಡೂ ಹೆಗಲಿಗೆ ಹೊದಿಸಿದರು. ಮಂಡಿಯ ಮೇಲೆ ಅಂಚು ನೆಟ್ಟಗೆ ಬರುವಂತೆ ಅಂಗೈಯಿಂದ ಒತ್ತಿದರು. ಮುಖದ ಮೇಲಿನ ಕೂದಲು ಸರಿಸಿದರು. ಅಂಗಡಿಯಾಕೆ ಕೈ ಕೊಟ್ಟು ತಮ್ಮನ್ನು ಎಬ್ಬಿಸಿದ ಮೇಲೆ ಬಾಗಿಲಿನವರೆಗೆ ಹಿಂದೆ ಹಿಂದೆ ಹೋಗಿ, ಹೊಸ್ತಿಲ ಬಳಿ ನಿಂತು ನನ್ನನ್ನು ನೋಡಿದರು.

ಎಷ್ಟು ಹೊತ್ತು ನೋಡಿದರೋ ತಿಳಿಯದು. ನಾನು ಅಲುಗಲಿಲ್ಲ. ಅತ್ತರೆ ಕೆಡುತ್ತದೆ ಎಂದು ಕಣ್ಣು ಮಿಟುಕಿಸದೆ ಕುಳಿತಿದ್ದೆ. ಕೂತಲ್ಲಿ ನಾನು ನಾನಾಗಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

"ಆತು," ಎಂದರು ಕಡೆಗೆ. "ಛಂದ ಕಾಣತಾಳ."

ಸೀರೆಗೆ ನಾನು ದುಡ್ಡು ಕೊಟ್ಟೆ. ತವರಿನ ಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಆತ್ಯಾ ತಮ್ಮ ಸಂಚಿಯಿಂದ ನೋಟು ಬಿಡಿಸಿ, ತಾವೇ ಮೂಗು ಮುರಿದಿದ್ದ ಖಣದ ಕುಶನ್ ಕವರೊಂದನ್ನು ನನಗೆ ಕೊಡಿಸಿದರು. "ಕುಂದ್ರಬ್ಯಾಡ ಮತ್ತ ಅದರ ಮ್ಯಾಲ," ಎಂದರು.

ಬಸ್ಸಿಗೆ ಕಾಯುವಾಗ ಸೀರೆಯ ಚೀಲವನ್ನು ಅವರ ಕೈಗೆ ಕೊಡಲು ಹೋದೆ. ಬೇಡವೆಂದರು. ಅದು ತವರಿನಲ್ಲೇ ಇದ್ದು, ಅಲ್ಲಿಂದಲೇ ಬರಬೇಕು.

"ಒಮ್ಮಿ ನೀರಿಗೆ ಹಾಕು, ಇದ್ದಷ್ಟು ಗಂಜಿ ಹೋಗಲಿ. ನೆರಳಾಗ ಒಣಗಸು," ಎಂದರು. ಬಸ್ಸು ಬಂದ ಮೇಲೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. "ಕೇಳಿ ತರಿಸ್ಕೊಂಡಿದ್ದು ತವರಿನ ಸೀರಿ ಅನಿಸ್ಕೊಳ್ಳೂದಿಲ್ಲ ಯವ್ವಾ. ಯಾರರೆ ಕೇಳಿದ್ರ ನೀನ ಆರಿಸೀದಿ ಅನ್ನು. ನನಗೇನೂ ಗೊತ್ತಿಲ್ಲ."

ಸೀರೆಯನ್ನು ಬಕೆಟ್ಟಿನಲ್ಲಿ ನೆನೆಸಿ, ಹಿಂಡದೆ, ನಡುಮನೆಯಲ್ಲಿ ಹಗ್ಗ ಕಟ್ಟಿ ಒಣಗಿಸಿದೆ. ಹಳೆಯ ಪಂಚೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟೆ. ಆ ಪಂಚಮಿಗೆ ಬೇರೆ ಸೀರೆ ಒಯ್ದೆ, ಕೆಂಪಂಚಿನದು. ಆತ್ಯಾ ಅದನ್ನು ಅಂದೇ ಉಟ್ಟರು. ನೇರಳೆ ಬಣ್ಣದ್ದರ ಮಾತು ನಾವಿಬ್ಬರೂ ಎತ್ತಲಿಲ್ಲ. ದಿನವೂ ಕಪಾಟು ತೆರೆದಾಗ ಅದು ಕಾಣುತ್ತಿತ್ತು, ದಿನವೂ ನಾನು ಅದರ ಮೇಲೆ ಸಿಟ್ಟಾಗುತ್ತಿದ್ದೆ. ಅಲ್ಲೇ ಬಿದ್ದಿರು, ಮುದುಕಿಯಾಗು ಎಂದು ಬೈಯುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಮಗನ ಫೋನು ಬಂತು. ನಸುಕಿನಲ್ಲಿ ಚಹಾ ಕುಡಿದು, ಲೋಟ ಕೆಳಗಿಟ್ಟು, ಪಡಸಾಲೆಯಲ್ಲಿ ಕುಳಿತಲ್ಲೇ ಹೋಗಿದ್ದರು.

ನಾನು ಪಂಚೆಯ ಗಂಟನ್ನು ಎದೆಗವಚಿಕೊಂಡು ರಿಕ್ಷಾದಲ್ಲಿ ಮಿರಜಿಗೆ ಹೋದೆ. ಬಾಗಿಲಲ್ಲಿದ್ದ ಹೆಂಗಸರು, "ತವರಿನ ಸೀರಿ ಬಂತು, ದಾರಿ ಬಿಡ್ರಿ," ಎಂದು ಸರಿದು ನಿಂತರು. ಉಡಿಸಲು ಆತ್ಯಾರ ಸೊಸೆಯೂ, ಎದುರು ಮನೆಯ ಕಾಕೂ, ನಾನೂ ಕೈ ಹಾಕಿದೆವು. ನೆರಿಗೆಯನ್ನು ಮಡಿಲಲ್ಲಿ ಹರಡಿದೆ. ಮಂಡಿಯ ಮೇಲೆ ಅಂಚನ್ನು ಅಂಗೈಯಿಂದ ಒತ್ತಿದೆ. ಸೊಸೆ ಪಿನ್ನು ಹುಡುಕುತ್ತಿದ್ದಳು, ಬೇಡವೆಂದೆ. ತಲೆಯ ಮೇಲಿಂದ ತಂದ ಸೆರಗು ಹೆಗಲ ಮೇಲೆ ನಿಂತೇ ಇತ್ತು. ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿದರು. ಆಗ ಎದ್ದು, ಹಿಂದೆ ಹಿಂದೆ ಸರಿದು, ಹೊಸ್ತಿಲ ಬಳಿ ನಿಂತು ನೋಡಿದೆ. ನೇರಳೆಯ ನಡುವೆ ಬಿಳಿಯ ಮೂರು ಗೆರೆ ಎದ್ದು ಕಾಣುತ್ತಿದ್ದವು.

ಕಾಕು ಬಂದು ನನ್ನ ಪಕ್ಕದಲ್ಲಿ ನಿಂತರು. ಮೂಗಿನವರೆಗೆ ಸೆರಗು ಮುಚ್ಚಿಕೊಂಡು ಬಹಳ ಹೊತ್ತು ಆತ್ಯಾರನ್ನೇ ನೋಡಿದರು.

"ಕುಂತಾಕಿ ಎದ್ದು ಮಾತಾಡಸ್ತಾಳೇನೋ ಅನ್ನೂಹಂಗ ಐತಿ," ಎಂದರು. "ತವರು ಅಂದ್ರ ಹಿಂಗ ಇರಬೇಕು ನೋಡು. ಯಾರು ಆರಿಸಿದ್ದು ಯವ್ವಾ ಇದು?"

"ನಾನ ರಿ," ಎಂದೆ. "ಆತ್ಯಾಗ ಗೊತ್ತಿಲ್ಲ."