ಕಾಲಿನಿಂದ ಶುರುವಾಗುವ ಹಕ್ಕಿಗಳು

ನಮ್ಮ ಕಟ್ಟಡದ ಮಹಡಿ ಮನೆಯ ಅಕ್ಕತಂಗಿಯರಲ್ಲಿ ತಂಗಿ ಮಾಡುವ ಹಕ್ಕಿಗಳು ಹಾರುವುದಿಲ್ಲ. ಹಾರುವುದಿರಲಿ, ಅಲುಗಾಡುವುದೂ ಇಲ್ಲ. ಒಮ್ಮೆ ಬೀಸಿದ ಬಿರುಗಾಳಿಗೆ ಎದುರಿನ ಔಷಧಿ ಅಂಗಡಿಯ ಬೋರ್ಡು ಹಾರಿಹೋಗಿ ಹಿಂದಿನ ಬೀದಿಯ ಕ್ಷೌರದಂಗಡಿಯ ಬಾಗಿಲ ಮೇಲೆ ಸರಿಯಾಗಿ ಕೂತುಬಿಟ್ಟಿತು. ಒಂದು ವಾರ ಜನ ಕ್ಷೌರಿಕನ ಹತ್ತಿರ ಕೆಮ್ಮಿಗೆ ಮದ್ದು ಕೇಳುತ್ತಿದ್ದರು, ಅವನೂ ಬೇಸರಪಟ್ಟುಕೊಳ್ಳದೆ ಕೊಡುತ್ತಿದ್ದ. ಅಂಥ ಗಾಳಿಯಲ್ಲೂ ತಂಗಿಯ ಕಿಟಕಿಯ ಕಟ್ಟೆಯ ಮೇಲಿದ್ದ ಹಕ್ಕಿ ಮಿಸುಕಲಿಲ್ಲ. ಕಿಟಕಿಯೇ ಸ್ವಲ್ಪ ವಾಲಿತೆಂದು ನನ್ನ ಗುಮಾನಿ.

ಅದಕ್ಕೆ ಕಾರಣ ಅವಳ ಕೆಲಸದ ರೀತಿ. ಬೇರೆ ಯಾರಾದರೂ ಆದರೆ ಮೈ ಮಾಡಿ, ರೆಕ್ಕೆ ಇಟ್ಟು, ಕೊನೆಗೆ ಕಾಲಿನ ಯೋಚನೆ ಮಾಡುತ್ತಾರೆ. ತಂಗಿ ಕಾಲಿನಿಂದ ಶುರು ಮಾಡುತ್ತಾಳೆ. ತೆಳುವಾದ ತಾಮ್ರದ ತಂತಿಗೆ ಗೋಂದು ಸವರಿದ ಕಾಗದದ ಪಟ್ಟಿ ಸುತ್ತಿ, ಉಗುರುಗಳನ್ನು ಬಾಗಿಸಿ, ಮರದ ತುಂಡೋ, ಹಳೆಯ ಪುಸ್ತಕದ ರಟ್ಟೋ, ಸತ್ತ ಗಡಿಯಾರದ ಮುಖವೋ, ಸಿಕ್ಕಿದ್ದರ ಮೇಲೆ ಆ ಕಾಲುಗಳನ್ನು ನಿಲ್ಲಿಸಿ, ಎರಡು ಟ್ಯೂಬು ಬೆರೆಸುವ ಅಂಟಿನಿಂದ ಭದ್ರ ಮಾಡುತ್ತಾಳೆ. ಅದು ಕಲ್ಲಾದ ಮೇಲೆಯೇ ಉಳಿದ ಹಕ್ಕಿ. ಆ ಅಂಟು ಎಂಥದ್ದೆಂದರೆ, ಟ್ಯೂಬಿನ ಮುಚ್ಚಳ ತೆರೆದಿಟ್ಟ ದಿನ ಮಹಡಿ ಹತ್ತಿದವರು ತುಟಿ ಬಿಡಿಸಿಕೊಳ್ಳಲಾರದೆ ಸನ್ನೆಯಲ್ಲೇ ಮಾತಾಡಿ ಇಳಿದು ಬರುತ್ತಾರೆ.

ಮೈಗೆ ಏನಾದರೂ ಆದೀತು. ರದ್ದಿ ಅಂಗಡಿಯಲ್ಲಿ ಸಿಕ್ಕ ನಿಘಂಟಿನ ಹಾಳೆಗಳನ್ನು ಚಹಾ ನೀರಿನಲ್ಲಿ ಅದ್ದಿ ಒಣಗಿಸಿದರೆ ಎದೆಯ ಗರಿಗಳು. ಹರಿದ ಲೇಸು ಕುತ್ತಿಗೆಗೆ. ಕೆಟ್ಟ ಜಿಪ್ಪು ಬೆನ್ನಮೂಳೆಗೆ. ಮುರಿದ ಕೊಡೆಯ ಕಡ್ಡಿಗಳು ರೆಕ್ಕೆಯ ಎಲುಬು. ಕಣ್ಣು ಮಾತ್ರ ನನ್ನ ಅಂಗಡಿಯದು. ಮೆಟ್ಟಿಲ ಬುಡದಲ್ಲಿ ವಾಚು ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ನನ್ನ ಕೈಯಲ್ಲಿ ಪ್ರಾಣ ಬಿಟ್ಟ ವಾಚುಗಳ ಹಲ್ಲುಚಕ್ರಗಳನ್ನೆಲ್ಲ ಅವಳಿಗೆ ಕೊಡುತ್ತೇನೆ. ನಾನು ಬದುಕಿಸಿದ ವಾಚುಗಳಿಗಿಂತ ಅವಳ ಹಕ್ಕಿಗಳಿಗೆ ಕಣ್ಣಾದ ವಾಚುಗಳಿಗೇ ಆಯುಸ್ಸು ಹೆಚ್ಚು.

ಮೇಲಿನ ಮನೆಯಲ್ಲಿದ್ದವರು ಇಬ್ಬರೇ, ಅಕ್ಕ ಮತ್ತು ತಂಗಿ. ಬೀದಿಯವರೆಲ್ಲ ಅವರನ್ನು ಕರೆಯುವುದೂ ಹಾಗೆಯೇ. ನನಗಿಂತ ಚಿಕ್ಕವಳಾದರೂ ಅಕ್ಕ ನನಗೂ ಅಕ್ಕನೇ. ಮನೆ ಎಂದರೆ ಒಂದು ಕೋಣೆ, ಮತ್ತೆ ಕೋಣೆಯೆಂದು ಕರೆಸಿಕೊಳ್ಳಲು ನಾಚುವಂಥ ಒಂದು ಅಡುಗೆಮನೆ. ಒಬ್ಬರು ಆಕಳಿಸಬೇಕಾದರೆ ಇನ್ನೊಬ್ಬರು ಮೆಟ್ಟಿಲಿಗೆ ಬಂದು ನಿಲ್ಲಬೇಕು. ಇರುವುದು ಒಂದೇ ಕಿಟಕಿ, ಅದಕ್ಕೂ ಕಬ್ಬಿಣದ ಸರಳು. ಕಿಟಕಿಯ ಕೆಳಗೆ ಅಕ್ಕನ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಅಕ್ಕನ ಮಂಚ. ತಂಗಿಗೆ ಕೆಲಸ ಮಾಡಲು ಜಾಗವೆಂದರೆ ಅಡುಗೆ ಕಟ್ಟೆಯ ಮೇಲೆ, ಒಲೆಗೂ ಪಾತ್ರೆ ತೊಳೆಯುವ ತೊಟ್ಟಿಗೂ ನಡುವಿನ ಒಂದು ಗೇಣು. ಅವಳ ಹಕ್ಕಿಗಳೆಲ್ಲ ರೆಕ್ಕೆ ಮುದುಡಿಕೊಂಡು ಕೂತಿರುತ್ತಿದ್ದದ್ದು ಅದಕ್ಕೇ. ರೆಕ್ಕೆ ಬಿಚ್ಚಿದರೆ ಒಂದು ಕಡೆ ಸುಡುತ್ತಿತ್ತು, ಇನ್ನೊಂದು ಕಡೆ ನೆನೆಯುತ್ತಿತ್ತು.

ಅಕ್ಕ ಇಡೀ ಬೀದಿಗೆ ಬಟ್ಟೆ ಹೊಲಿದವಳು. ಅಪ್ಪ ಅಮ್ಮ ತೀರಿಕೊಂಡಾಗ ತಂಗಿಗೆ ತನ್ನ ಲಂಗದ ಲಾಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಆ ಮಿಷನ್ನು ತುಳಿದೇ ಅಕ್ಕ ಅವಳನ್ನು ಸಾಕಿದಳು, ಓದಿಸಿದಳು, ತಾನು ಮದುವೆಯ ಮಾತನ್ನೂ ಎತ್ತಲಿಲ್ಲ. ಅವಳ ಬಟ್ಟೆ ಕತ್ತರಿ ಬೀದಿಯಲ್ಲೇ ಪ್ರಸಿದ್ಧ. ಅದನ್ನು ಬರೀ ತೋರಿಸಿದರೂ ಸಾಕು, ಬಟ್ಟೆ ತಾನಾಗಿ ಎರಡಾಗಿ ಅತ್ತಿತ್ತ ಸರಿದು ನಿಲ್ಲುತ್ತದೆ ಎನ್ನುತ್ತಿದ್ದರು. ಅದು ಮಿಷನ್ನಿನ ಡ್ರಾಯರಿನಲ್ಲಿ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಕಾಗದ ಕತ್ತರಿಸಿದರೆ ಬಟ್ಟೆ ಕತ್ತರಿಯ ಬಾಯಿ ಹೋಗುತ್ತದೆ. ದರ್ಜಿಗಳ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನಿಲ್ಲ. ಕಾಗದವೇ ಜೀವನವಾದ ತಂಗಿ ಆ ಡ್ರಾಯರನ್ನು ಒಮ್ಮೆಯೂ ಎಳೆಯಲಿಲ್ಲ. ತಲೆ ನರೆಯುವವರೆಗೂ ಅವಳು ಬಳಸಿದ್ದು ಉಗುರು ಕತ್ತರಿಸುವ ಪುಟ್ಟ ಕತ್ತರಿಯನ್ನು. ಅದು ಕಾಗದವನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿತ್ತು.

ಅಕ್ಕ ತಂಗಿಗೆ ಯಾವತ್ತೂ ಯಾವುದಕ್ಕೂ ಬೇಡ ಎಂದವಳಲ್ಲ. ಅವಳ ಪರವಾಗಿ ಅವಳ ಮೊಣಕಾಲು ಮಾತಾಡುತ್ತಿತ್ತು. ಆ ಮೊಣಕಾಲಿಗೆ ಕಿವಿಯಿತ್ತೆಂದು ನಾನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ. ತಂಗಿ ತರಕಾರಿ ಅಂಗಡಿಗೆ ಹೋದರೆ ಅದಕ್ಕೆ ಅಭ್ಯಂತರವಿರಲಿಲ್ಲ. ಅಂಚೆ ಕಚೇರಿ ದಾಟಿದಳೋ, ಸೆಳೆತ ಶುರು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಅವರು ಕೆಳಗೆ ಚಪ್ಪಲಿ ಬಿಡುವ ಸದ್ದಿಗೇ ಅದು ಕುಂಬಳಕಾಯಿಯಷ್ಟು ಊದಿಕೊಂಡಿತು. ಬಂದವರು ಹೆಣ್ಣನ್ನು ಬಿಟ್ಟು ಮೊಣಕಾಲನ್ನೇ ನೋಡಿ, ಅದಕ್ಕೆ ಹಚ್ಚುವ ಎಣ್ಣೆಯ ಹೆಸರು ಹೇಳಿ ಹೋದರು. ನೋವು ಸುಳ್ಳಾಗಿರಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ಬರುವುದನ್ನು ನಾನು ನೋಡಿದ್ದೇನೆ. ತೊಂದರೆ ಇದ್ದದ್ದೇ ಅಲ್ಲಿ. ಸುಳ್ಳಾಗಿದ್ದರೆ ತಂಗಿ ಎಂದೋ ಒಂದು ದಿನ ಜಗಳವಾಡಿ ಹೊರಟುಬಿಡುತ್ತಿದ್ದಳು. ನಿಜವಾದ ನೋವಿನ ಜೊತೆ ಜಗಳವಾಡುವುದು ಹೇಗೆ? ಎಣ್ಣೆ ಹಚ್ಚುತ್ತಾ ಕೂತಳು. ಕೂತೇ ಇದ್ದಳು. ಬರಬರುತ್ತಾ ಅಕ್ಕನಿಗೆ ಮಿಷನ್ನು ತುಳಿಯುವುದೂ ಆಗದೆ ಹೋಯಿತು.

ಹೀಗಿರುವಾಗ ಒಂದು ದಿನ ಪಕ್ಕದ ಊರಿನ ಕರಕುಶಲ ಶಾಲೆಯ ಮೇಡಂ ಒಬ್ಬರು ವಾಚಿನ ಬೆಲ್ಟು ಹಾಕಿಸಲು ನನ್ನ ಅಂಗಡಿಗೆ ಬಂದರು. ಗಾಜಿನ ಕಪಾಟಿನಲ್ಲಿ ನಾನಿಟ್ಟಿದ್ದ ತಂಗಿಯ ಹಕ್ಕಿಯೊಂದನ್ನು ನೋಡಿ ಬೆಲ್ಟನ್ನು ಮರೆತರು. ಯಾರು ಮಾಡಿದ್ದು ಎಂದರು. ನಾನು ಬೆರಳು ಮೇಲಕ್ಕೆ ತೋರಿಸಿದೆ. ದೇವರು ಎಂದುಕೊಂಡರೇನೋ, ಕೈಮುಗಿಯಲು ಹೊರಟರು. ಮಹಡಿಯ ಮೇಲೆ ಎಂದು ಬಿಡಿಸಿ ಹೇಳಿದೆ.

ಮೇಡಂ ಮೇಲೆ ಹೋಗಿ ಹೇಳಿದ್ದು ಇಷ್ಟು. ಶಾಲೆಯಲ್ಲಿ ಒಂದು ವರ್ಷ ಮಕ್ಕಳಿಗೆ ಕಲಿಸಬೇಕು. ಇರಲು ಕೋಣೆ, ಕೆಲಸ ಮಾಡಲು ಮಂಚದಷ್ಟು ದೊಡ್ಡ ಮೇಜು ಕೊಡುತ್ತಾರೆ. ಮೇಜಿನ ಮಾತು ಬಂದಾಗ ತಂಗಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳಂತೆ. ಆದರೆ ಶಾಲೆಯ ಸಮಿತಿ ಒಪ್ಪಬೇಕಾದರೆ ಮೊದಲು ಒಂದು ಹಕ್ಕಿ ಬೇಕು. ಶಾಲೆಯ ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಸೂರಿನಿಂದ ತೂಗುಹಾಕುವಂಥದ್ದು, ರೆಕ್ಕೆ ಬಿಚ್ಚಿ ಹಾರುತ್ತಿರುವಂಥದ್ದು. ರಜೆ ಮುಗಿದು ಶಾಲೆ ತೆರೆಯುವ ದಿನ ಬೆಳಿಗ್ಗೆ ವ್ಯಾನು ಬರುತ್ತದೆ. ಹಕ್ಕಿಯೂ ಅವಳೂ ಆ ವ್ಯಾನಿನಲ್ಲಿ ಬಂದರೆ ಕೆಲಸ ಅವಳದು. ಬರದಿದ್ದರೆ ಬೇರೆಯವರು ಕಾಯುತ್ತಿದ್ದಾರೆ.

“ಹೋಗ್ಬಾ,” ಎಂದಳು ಅಕ್ಕ. “ನನಗೇನು, ಹೇಗೋ ಆಗತ್ತೆ.” ಹೇಳುವಾಗಲೇ ಕೈ ಮೊಣಕಾಲಿನ ಮೇಲಿತ್ತು. ಸಂಜೆ ನಾನು ಮೇಲೆ ಹೋದಾಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀವು ವಾಚಿನ ಬೆಲ್ಟ್ ಮಾತ್ರ ಮಾರ್ತೀರ ಅಂದ್ಕೊಂಡಿದ್ದೆ, ವಾಚಿನೋರೇ,” ಎಂದಳು.

ಅಡುಗೆ ಕಟ್ಟೆಯ ಗೇಣು ಜಾಗದಲ್ಲಿ ಅಂಥ ಹಕ್ಕಿಯ ಕೊಕ್ಕು ಕೂಡ ಹಿಡಿಸುವಂತಿರಲಿಲ್ಲ. ಆಗ ಮಿಷನ್ನಿನ ಮೇಲೆ ಮಾಡಿಕೋ ಎಂದವಳು ಅಕ್ಕನೇ. ಅದೂ ತನ್ನ ಹಾಗೇ ಸುಮ್ಮನೆ ಕೂತಿದೆ ಎಂದು ಒಂದು ಮಾತು ಸೇರಿಸಿದಳು. ತಂಗಿ ಮಿಷನ್ನಿನ ತಲೆಯನ್ನು ಒಳಕ್ಕೆ ಮಡಚಿ, ಮರದ ಹಲಗೆ ಮುಚ್ಚಿ, ಅದರ ಮೇಲೆ ಕೆಲಸ ಹೂಡಿದಳು. ಹಕ್ಕಿ ಬೆಳೆಯಿತು. ಎಡ ರೆಕ್ಕೆ ಅಡುಗೆಮನೆಗೆ ಇಣುಕಿ ಸಾರು ಕುದಿಯಿತೇ ಎಂದು ನೋಡತೊಡಗಿತು. ಬಲ ರೆಕ್ಕೆ ಅಕ್ಕನ ಮಂಚದ ಮೇಲೆ ಚಾಚಿತು. ಅಕ್ಕ ಬೆಳಿಗ್ಗೆ ಎದ್ದು ಕೂರಬೇಕಾದರೆ ಅದಕ್ಕೆ ತಲೆಬಾಗಿಯೇ ಏಳಬೇಕು. ಆ ಒಂದು ಹಕ್ಕಿ ರೆಕ್ಕೆ ಬಿಚ್ಚಿದ ಮೇಲೆ ಮನೆಯಲ್ಲಿ ಮನುಷ್ಯರಿಗೆ ಉಸಿರಾಡಲು ಉಳಿದದ್ದು ಮಂಚದ ಕೆಳಗಿನ ಗಾಳಿ ಮಾತ್ರ. ಮಲಗಿದಲ್ಲಿಂದ ನೋಡೀ ನೋಡೀ ಅಕ್ಕನಿಗೆ ತಡೆಯಲಾಗಲಿಲ್ಲ. ಗರಿಗಳನ್ನು ಫ್ರಿಲ್ಲು ಹೊಲಿಯುವ ಹಾಗೆ ಕೆಳಗಿನ ಸಾಲಿನಿಂದ ಮೇಲಕ್ಕೆ ಅಂಟಿಸಿಕೊಂಡು ಬಾ, ಸೇರುವ ಜಾಗ ಕಾಣುವುದಿಲ್ಲ ಎಂದು ಹೇಳಿಕೊಟ್ಟಳು. ತಂಗಿ ಹಾಗೇ ಮಾಡಿದಳು.

ವ್ಯಾನು ಬರುವ ದಿನ ಬಂತು. ತಂಗಿ ಒಳ್ಳೆಯ ಸೀರೆ ಉಟ್ಟು, ಬ್ಯಾಗು ಬಾಗಿಲಲ್ಲಿಟ್ಟು, ಹಕ್ಕಿಯನ್ನು ಇಳಿಸಲು ನನ್ನನ್ನು ಕರೆದಳು. ಕೊಡೆಯ ಕಡ್ಡಿಯ ರೆಕ್ಕೆಗಳು ಕೊಡೆಯ ಹಾಗೇ ಮಡಚಿಕೊಂಡವು. ನಾನು ಎದೆ ಹಿಡಿದೆ, ಅವಳು ಬಾಲ ಹಿಡಿದಳು, ಎತ್ತಿದೆವು. ಹಕ್ಕಿಯ ಜೊತೆಗೆ ಮಿಷನ್ನೂ ಎದ್ದಿತು.

ಬಗ್ಗಿ ನೋಡಿದರೆ ಎರಡೂ ಕಾಲುಗಳು ಮಿಷನ್ನಿನ ಹಲಗೆಯಲ್ಲಿ ಊರಿಕೊಂಡಿದ್ದವು. ಹಾರುವ ಹಕ್ಕಿಗೆ ನಿಲ್ಲುವ ಕಾಲು ಬೇಕಿರಲೇ ಇಲ್ಲ. ಹೊಟ್ಟೆಯ ಕೆಳಗೆ ಮಡಚಿಟ್ಟಿದ್ದರೆ ಸಾಕಿತ್ತು. ಆದರೆ ಕಾಲಿನಿಂದ ಶುರು ಮಾಡಿ ರೂಢಿಯಾದ ಕೈಗಳು ಮೊದಲ ದಿನವೇ ತಮ್ಮ ಪಾಡಿಗೆ ತಾವು ಕಾಲು ನಿಲ್ಲಿಸಿ, ಅಂಟು ಸುರಿದು, ಭದ್ರ ಮಾಡಿದ್ದವು. ಕೆಲಸ ಮಾಡುವಾಗ ಅಲುಗದಿರಲಿ ಎಂದು ಒಂಚೂರು ಹಾಕಿದ್ದೆ ಎಂದಳು ತಂಗಿ. ಅವಳ ಒಂಚೂರಿನಲ್ಲಿ ಒಂದು ಸೇತುವೆ ಕಟ್ಟಬಹುದು.

ನಾನು ನನ್ನ ಸ್ಕ್ರೂಡ್ರೈವರು ತಂದು ಮೀಟಿದೆ. ಅದರ ತುದಿ ಮುರಿಯಿತು. ಥಿನ್ನರು ಸುರಿದೆ; ಹಲಗೆಯ ಪಾಲಿಶೆಲ್ಲ ಕರಗಿ ಹೋಯಿತು, ಅಂಟು ಇನ್ನಷ್ಟು ಹೊಳೆಯಿತು. ಕೆಳಗೆ ವ್ಯಾನಿನವನು ಹಾರ್ನು ಹೊಡೆದ. ಇನ್ನುಳಿದದ್ದು ಕಾಲು ಕತ್ತರಿಸುವುದು ಒಂದೇ ಎಂದೆ ನಾನು.

ತಂಗಿ ಹಕ್ಕಿಯ ಕಾಲುಗಳನ್ನು ನೋಡಿದಳು. ಆಮೇಲೆ ಮಿಷನ್ನಿನ ಸ್ಟೂಲಿನ ಮೇಲೆ ಕೂತಳು.

“ಕಾಲಿಲ್ಲದ ಹಕ್ಕಿ ನಾನು ಮಾಡಲ್ಲ,” ಎಂದಳು. “ಹೋಗ್ಲಿ ಬಿಡಿ. ವ್ಯಾನ್ ಕಳಿಸಿಬಿಡಿ. ಅಕ್ಕನಿಗೂ ಕಾಲು ನೋವು.”

ಅವಳು ಅತ್ತಿದ್ದರೆ ನಾನೂ ಏನಾದರೂ ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳ ಮುಖದಲ್ಲಿ ಕಂಡದ್ದು ನೆಮ್ಮದಿ. ಹೊರಗೆ ಹೋಗಿ ಬಂದವರು ಒಳಗಿನಿಂದ ಚಿಲಕ ಹಾಕಿಕೊಂಡಾಗ ಬರುತ್ತದಲ್ಲ, ಅಂಥದ್ದು. ಆದರೆ ಇವಳು ಹೊರಗೆ ಹೋಗಿಯೇ ಇರಲಿಲ್ಲ. ಇನ್ನೇನು, ಅಕ್ಕ ಗೆದ್ದಳು ಎಂದುಕೊಂಡು ಮಂಚದ ಕಡೆ ನೋಡಿದೆ.

ಅಕ್ಕ ತಂಗಿಯ ಮುಖವನ್ನೇ ನೋಡುತ್ತಿದ್ದಳು. ಯಾರೋ ತನ್ನ ಬಟ್ಟೆಯನ್ನು ಕದ್ದು ಉಟ್ಟುಕೊಂಡು ಎದುರಿಗೇ ಬಂದು ನಿಂತ ಹಾಗೆ.

“ಇದು ನನ್ನ ವಿದ್ಯೆ ಕಣೆ,” ಎಂದಳು. “ನನ್ನ ಮುಂದೇನೇ ಆಡ್ತೀಯಾ?”

ಅಕ್ಕ ಮಂಚದಿಂದ ಕಾಲು ಕೆಳಗಿಟ್ಟಳು. ಗೋಡೆ ಹಿಡಿದು, ಕಿಟಕಿಯ ಸರಳು ಹಿಡಿದು, ಮಿಷನ್ನಿನ ಹತ್ತಿರ ಬಂದಳು. ತಂಗಿಯನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿ ಡ್ರಾಯರು ಎಳೆದು, ಮೆತ್ತನೆಯ ಬಟ್ಟೆ ಬಿಚ್ಚಿದಳು.

“ಅಕ್ಕ, ಅದು ಬಟ್ಟೆ ಕತ್ತರಿ.”

“ಗೊತ್ತು. ನೀನು ಹೊಟ್ಟೆ ಹಿಡ್ಕೋ, ಬಿದ್ದೀತು.”

ತಂಗಿ ಹಿಡಿದುಕೊಂಡಳು. ಅಕ್ಕ ಒಂದು ಕಾಲು ಕತ್ತರಿಸಿದಳು. ಕಾಗದ ಮೊದಲು, ಆಮೇಲೆ ತಂತಿ. ಬಟ್ಟೆಯ ಮೇಲೆ ಹೋಗುವಾಗ ಉಸಿರಿನಷ್ಟೂ ಸದ್ದು ಮಾಡದಿದ್ದ ಆ ಕತ್ತರಿ ಅವತ್ತು ಕರಕರ ಎಂದಿತು. ಇನ್ನೊಂದು ಕಾಲಿಗೆ ಎರಡೂ ಕೈ ಹಾಕಿ ಅದುಮಬೇಕಾಯಿತು. ಹಕ್ಕಿ ತಂಗಿಯ ತೋಳಿಗೆ ಬಂತು. ಅಕ್ಕ ಕತ್ತರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಲಗಿನಲ್ಲಿ ಎರಡು ಕಡೆ ಹಲ್ಲು ಬಿದ್ದಿತ್ತು. ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು.

“ಹೊತ್ತಾಯ್ತು,” ಎಂದಳು. “ಹಾರ್ನ್ ಹೊಡೀತಿದ್ದಾನೆ.”

ಹಕ್ಕಿ ಈಗ ಆ ಶಾಲೆಯ ಮೆಟ್ಟಿಲುಗಳ ನಡುವೆ ತೂಗುತ್ತಿದೆಯಂತೆ. ಮೇಡಂ ಅದನ್ನು ನೋಡಿ, ಕಾಲು ಬಿಟ್ಟದ್ದರಿಂದಲೇ ಹಾರುತ್ತಿರುವ ಹಾಗೆ ಕಾಣುತ್ತದೆ, ಎಂಥ ಯೋಚನೆ ಎಂದು ಹೊಗಳಿದರಂತೆ. ಮಕ್ಕಳನ್ನು ಹಾಗೆ ಒಪ್ಪಿಸಲು ಬರುವುದಿಲ್ಲ. ಇದರ ಕಾಲೆಲ್ಲಿ ಎಂದು ಕೇಳುತ್ತಾರೆ. ನಮ್ಮಕ್ಕನ ಹತ್ತಿರ ಇದೆ ಎನ್ನುತ್ತಾಳೆ ತಂಗಿ. ಮಂಚದಷ್ಟು ದೊಡ್ಡ ಮೇಜು ಕೊಟ್ಟಿದ್ದಾರೆ; ಅವಳು ಇವತ್ತಿಗೂ ಅದರ ಒಂದು ಮೂಲೆಯ ಗೇಣು ಜಾಗದಲ್ಲೇ ಕೂತು ಅಂಟಿಸುತ್ತಾಳಂತೆ. ಮಕ್ಕಳಿಗೆ ಕಲಿಸುವುದೂ ಕಾಲಿನಿಂದಲೇ. ಮೊದಮೊದಲು ದಿನಾ ಬೆಳಿಗ್ಗೆ, ಸಂಜೆ ನನ್ನ ಅಂಗಡಿಗೆ ಫೋನು ಮಾಡಿ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದಳು. ಅಕ್ಕ ಹೇಗಿದ್ದಾಳೆ ಎಂದಲ್ಲ.

ಮೊಣಕಾಲು ಮೊದಲ ತಿಂಗಳು ಬಾಯಿ ಬಿಡಲಿಲ್ಲ. ಮನೆಯಲ್ಲಿ ಕೇಳುವವರಿಲ್ಲ ಎಂದು ಗೊತ್ತಾಯಿತೋ ಏನೋ. ಅಕ್ಕ ಒಂದೊಂದೇ ಮೆಟ್ಟಿಲು ಇಳಿದು ಬಂದು ಕತ್ತರಿ ಸಾಣೆ ಹಿಡಿಸಲು ಕೊಟ್ಟಳು. ಸಾಣೆಯವನು ಅದನ್ನು ನೋಡಿ, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದ. ಹಲ್ಲು ಪೂರ್ತಿ ಹೋಗಲಿಲ್ಲ. ಆ ಎರಡು ಜಾಗ ಬಂದಾಗ ಬಟ್ಟೆ ಸ್ವಲ್ಪ ಎಡವುತ್ತದೆ, ಅಕ್ಕ ಸ್ವಲ್ಪ ಬೈಯುತ್ತಾಳೆ. ಈಗ ಸಣ್ಣಪುಟ್ಟದ್ದು ಹೊಲಿಯುತ್ತಾಳೆ. ದಿಂಬಿನ ಕವರು, ಸೀರೆಯ ಅಂಚು. ಹಲಗೆಯನ್ನು ಪಕ್ಕಕ್ಕೆ ತೆರೆದರೆ ಹಕ್ಕಿಯ ಎರಡು ಮೋಟು ಕಾಲು ಅದರ ಜೊತೆಗೇ ತಿರುಗುತ್ತವೆ.

ರಜೆಗೆ ಬಂದ ತಂಗಿ ಅವನ್ನು ಕೀಳಲು ಶಾಲೆಯಿಂದ ಏನೇನೋ ಔಷಧಿ, ಇಕ್ಕಳ ತಂದಿದ್ದಳು. ಅಕ್ಕ ಮುಟ್ಟಗೊಡಲಿಲ್ಲ. ಸೂಜಿ ಚುಚ್ಚಿಡುವ ಬಟ್ಟೆಪಟ್ಟಿ ಸಿಕ್ಕಿಸಲು ಅನುಕೂಲವಾಗಿದೆ ಎಂದಳು. ಇದ್ದಷ್ಟು ದಿನವೂ ಇಬ್ಬರೂ ಆ ಒಂದು ಕಿಟಕಿಯ ಕೆಳಗೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂತು ಜಗಳವಾಡಿದರು. ಮೊದಲಿಗಿಂತ ಸದ್ದು ಜೋರಾಗಿತ್ತು.

ಹೊರಡುವ ದಿನ ನಾನು ಬ್ಯಾಗು ಇಳಿಸಲು ಮೇಲೆ ಹೋದೆ. ತಂಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಮಂಚದ ಮೇಲೆ ಕೂತಿದ್ದ ಅಕ್ಕನ ಕೈ ಮೆಲ್ಲಗೆ ಸರಿದು ಮೊಣಕಾಲಿನ ಮೇಲೆ ಬಂತು. ತಂಗಿ ನೋಡಿದಳು. ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದು ಹಾಕಿಕೊಳ್ಳದೆ ಹಾಗೇ ನಿಂತಳು. ನಾನು ಬ್ಯಾಗನ್ನು ಮೆತ್ತಗೆ ಕೆಳಗಿಟ್ಟೆ.

ಅಕ್ಕ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಎತ್ತಿ ಪಕ್ಕಕ್ಕಿಟ್ಟಳು.

“ತುರಿಸ್ತಿತ್ತು,” ಎಂದಳು. “ಇನ್ನೊಂದು ಚಪ್ಪಲಿ ಹಾಕ್ಕೋ, ಬಸ್ ಹೋಗತ್ತೆ.”