ಬೇಸಿಗೆಗೊಂದು ಕೋಣೆ, ಕೋಣೆಗೊಬ್ಬ ಅತ್ತೆ

ಹೈದರಾಬಾದಿನ ರೈಲು ನನ್ನನ್ನು ಬೆಳಿಗ್ಗೆ ಕಲಬುರಗಿಯಲ್ಲಿ ಇಳಿಸಿತು. ಕೈಯಲ್ಲಿ ಟ್ರಂಕು, ಹಾಸಿಗೆಯ ಸುರುಳಿ. ಹಿಂದೆಯೇ ಉರ್ದುವಿನಲ್ಲಿ ನಪಾಸಾದ ಸುದ್ದಿ. ಹೈದರಾಬಾದಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಆಗ ಗಣಿತವೂ ಉರ್ದುವಿನಲ್ಲೇ. ರಜೆ ಮುಗಿದೊಡನೆ ಮರುಪರೀಕ್ಷೆ. ಅದರಲ್ಲೂ ಬಿದ್ದರೆ ಓದು ಬಿಡಿಸಿ ಅಂಗಡಿಯಲ್ಲಿ ಕೂಡಿಸುವುದಾಗಿ ಅಪ್ಪ ಹೇಳಿಬಿಟ್ಟಿದ್ದರು. ಕಲಬುರಗಿ ಕೋಟೆಯ ಹತ್ತಿರದ ಮೌಲ್ವಿ ಸಾಹೇಬರು ದಿನಾ ನಸುಕಿನಲ್ಲಿ ಹೇಳಿಕೊಡಲು ಒಪ್ಪಿದ್ದರು. ಇಲ್ಲಿನ ವಿದ್ಯಾರ್ಥಿಗಳ ಬೋರ್ಡಿಂಗಿಗೆ ಬೇಸಿಗೆಯಲ್ಲಿ ಬೀಗ, ಕಮಲಾಪುರದ ನಮ್ಮ ಮನೆಯಿಂದ ದಿನಾ ಓಡಾಡುವುದು ಆಗದ ಮಾತು. ಹಾಗಾಗಿ ಎರಡು ತಿಂಗಳಿಗೊಂದು ಕೋಣೆ ಬೇಕಿತ್ತು.

ಊರೊಳಗಿನ ಗಾಜಿಪುರದ ಓಣಿಗಳಲ್ಲಿ ಸುತ್ತಿ ಸುತ್ತಿ ಕಾಲು ಬಿದ್ದುಹೋದವು. ಕಚೇರಿಯ ಗುಮಾಸ್ತರೊಬ್ಬರು ಕೋಣೆ ತೋರಿಸಿ, ನೀರು ಕೊಟ್ಟು, ಲಗ್ನವಾಗಿಲ್ಲವೆಂದು ತಿಳಿದೊಡನೆ ಬಾಗಿಲು ಮುಂದೆ ಮಾಡಿದರು. ಉಳಿದ ಮನೆಗಳಲ್ಲೂ ಅದೇ ಹಾಡು. ನಾನೇನು ಕಳ್ಳನೇ, ದರೋಡೆಕೋರನೇ? ಕೊನೆಗೆ ಎಣ್ಣೆ ವ್ಯಾಪಾರದ ಶಿವಶರಣಪ್ಪನವರು ಕಾರಣ ಬಿಡಿಸಿ ಹೇಳಿದರು.

“ಬ್ಯಾಸಗ್ಯಾಗ ಓಣಿ ಹೆಣ್ಮಕ್ಕಳೆಲ್ಲ ಮಾಳಗಿ ಮ್ಯಾಲ ಮಲಗ್ತಾರ ತಮ್ಮಾ. ಮಾಳಗಿಗಿ ಮಾಳಗಿ ಹತ್ಯಾವ. ಒಂಟಿ ಹುಡುಗಗ ಹ್ಯಾಂಗ ಕೊಡ್ಲಿ? ಮನ್ಯಾಗಿನ ಹಿರೇ ಹೆಣ್ಮಗಳನ್ನ ಕರಕೊಂಡು ಬಾ.”

ಅವರ ಕೋಣೆಯ ಬಾಡಿಗೆ ಮಾತ್ರ ನನ್ನ ಕೈಗೆಟುಕುವಂತಿತ್ತು. ಬೇರೆ ದಾರಿ ಕಾಣದೆ ಮರುದಿನ ಕಮಲಾಪುರದ ಮೋಟಾರು ಹತ್ತಿದೆ. ಅರ್ಧ ದಾರಿಯಲ್ಲಿ ಅದರ ಎಂಜಿನ್ ಕುದಿಯಿತು. ಬಾವಿಯಿಂದ ನೀರು ಸೇದಿ ಹೊಯ್ದವರು ಪ್ರಯಾಣಿಕರು, ಬೈಸಿಕೊಂಡವರೂ ಪ್ರಯಾಣಿಕರೇ.

ಅಪ್ಪನ ಅಕ್ಕ ನೀಲಮ್ಮ ಅತ್ತೆ ಗಂಡ ತೀರಿಕೊಂಡಾಗಿನಿಂದ ನಮ್ಮ ಮನೆಯಲ್ಲೇ ಇದ್ದರು. ಊರ ಗಡಿ ದಾಟಿದ್ದೇ ಅಪರೂಪ. ಕೇಳಿದ ಕೂಡಲೇ ಆಗುವುದಿಲ್ಲ ಅಂದರು. ಎರಡು ದಿನ ಅವರ ಹಿಂದೆ ಹಿಂದೆ ತಿರುಗಿದೆ. ಕೊನೆಗೆ ಒಪ್ಪಿದರು, ಆದರೆ ಬೀಸುವ ಕಲ್ಲು ಜೊತೆಗೆ ಬರಬೇಕಂತೆ. ಕಂಡವರು ಬೀಸಿದ ಹಿಟ್ಟಿನ ರೊಟ್ಟಿ ಅವರಿಗೆ ಇಳಿಯುವುದಿಲ್ಲವಂತೆ. ತಿರುಗಿ ಬರುವಾಗ ಮೋಟಾರಿನವನು ಬಾಳೆಗೊನೆಗಳ ನಡುವೆ ಕಲ್ಲನ್ನಿಟ್ಟು, ಅದಕ್ಕೂ ಒಬ್ಬ ಮನುಷ್ಯನ ಚಾರ್ಜು ವಸೂಲು ಮಾಡಿದ. ಜಗಳವಾಡಿ ನೋಡಿದೆ, ಪ್ರಯೋಜನವಾಗಲಿಲ್ಲ.

ಶಿವಶರಣಪ್ಪನವರು ಅತ್ತೆಗೆ ಕೈಮುಗಿದು ಬೀಗದ ಕೈಯನ್ನು ಅವರ ಕೈಗೇ ಕೊಟ್ಟರು. ಕೋಣೆಗೆ ಕಿಟಕಿಯಿಲ್ಲ, ಕಲ್ಲಿನ ಗೋಡೆ ಹಂಚಿನಂತೆ ಕಾದಿತ್ತು. ಹೋಗಲಿ, ರಾತ್ರಿ ಮೇಲೆ ಗಾಳಿಯಾದರೂ ಸಿಗುತ್ತದಲ್ಲ ಎಂದುಕೊಂಡು, ಹೊತ್ತು ಮುಳುಗಿದಾಗ ಚಾಪೆ ಎತ್ತಿಕೊಂಡು ಏಣಿಗೆ ಕಾಲಿಟ್ಟೆ. ಅತ್ತೆ ರಟ್ಟೆ ಹಿಡಿದರು.

“ಹುಡುಗ ಮಾಳಗಿ ಏರಂಗಿಲ್ಲಂತ ಅವರಿಗಿ ಮಾತು ಕೊಟ್ಟೀನಿ. ನೀ ಇಲ್ಲೇ ಮಲಕೋ.”

ಸಿಟ್ಟು ನೆತ್ತಿಗೇರಿತು. ಹಾಗಾದರೆ ನೀನೊಬ್ಬಳೇ ಹೋಗಿ ತಂಪಾಗಿ ಮಲಗು ಎಂದೆ. ಅವರು ಹೋಗಲಿಲ್ಲ. ಗುರುತಿಲ್ಲದ ಹೆಂಗಸರ ನಡುವೆ ತಮಗೆ ನಿದ್ದೆ ಬರುವುದಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿ, ನನ್ನ ಪಕ್ಕದಲ್ಲೇ ಗೋಡೆಗೊರಗಿ ಕುಳಿತರು. ಊರೆಲ್ಲ ಯಾವ ಮಾಳಿಗೆಗಾಗಿ ನನ್ನನ್ನು ಅಟ್ಟಿತ್ತೋ ಆ ಮಾಳಿಗೆಯಲ್ಲಿ ನಮ್ಮ ಪಾಲಿನ ಜಾಗ ಖಾಲಿ ಬಿದ್ದಿತ್ತು. ಕೆಳಗೆ ನಾವಿಬ್ಬರೂ ಬೇಯುತ್ತಿದ್ದೆವು.

ದೀಪ ಹಚ್ಚಿ ಉರ್ದು ಪುಸ್ತಕ ತೆರೆದೆ. ಅತ್ತೆ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು, ಬೀಸಣಿಗೆಯನ್ನು ನನ್ನ ಕಡೆ ತಿರುಗಿಸಿದರು.

“ಈ ಸರ್ತಿ ಪಾಸಾಗು ನನ್ನಪ್ಪಾ. ಇನ್ನೊಂದು ಬ್ಯಾಸಗಿ ನನ್ನ ಕೈಲೆ ಆಗಂಗಿಲ್ಲ.”